ರಾಣಿಗೆ ತಿನ್ನಿಸಿದ ಹಯಗ್ರೀವ

ಚರಿತ್ರೆಯ ಪಾಠ ಮಾಡುವವರಿಗೆ ಒಂದು ದೊಡ್ಡ ಅನುಕೂಲವಿದೆ. ಮಕ್ಕಳು ಹೆಚ್ಚಾಗಿ ಪ್ರಶ್ನೆ ಕೇಳುವುದಿಲ್ಲ. ಲೆಕ್ಕದ ಮೇಷ್ಟ್ರಿಗೆ, ವಿಜ್ಞಾನದ ಮಿಸ್ಸಿಗೆ ಈ ಭಾಗ್ಯವಿಲ್ಲ. ನಮ್ಮ ಪಾಠದಲ್ಲಿ ಮಕ್ಕಳು ಇಸವಿ ಬರೆದುಕೊಂಡು, ರಾಜರ ಹೆಸರಿನ ಕೆಳಗೆ ಕೆಂಪು ಗೆರೆ ಎಳೆದುಕೊಂಡು, ಗಂಟೆ ಹೊಡೆಯುವುದನ್ನೇ ಕಾಯುತ್ತಾ ಕೂತಿರುತ್ತಾರೆ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಈ ಅನುಕೂಲದಲ್ಲೇ ಹಾಯಾಗಿದ್ದ ನನ್ನನ್ನು ಕಳೆದ ವರ್ಷ ಕೊನೆಯ ಬೆಂಚಿನ ಹುಡುಗಿಯೊಬ್ಬಳು ತಡವರಿಸುವಂತೆ ಮಾಡಿದಳು.

ಅವತ್ತು ವಿಜಯನಗರದ ಪಾಠ. ಅರಬ್ಬೀ ಕುದುರೆಗಳ ಆಮದಿನ ವಿಷಯ ಬಂತು. ಪಠ್ಯದಲ್ಲಿ ಅದಕ್ಕೆ ಒಂದೇ ಸಾಲು. ನಾನು ಸ್ವಲ್ಪ ಉಪ್ಪು ಖಾರ ಸೇರಿಸಿ, 1535ರ ಸುಮಾರಿಗೆ ಹಂಪೆಯಲ್ಲಿದ್ದ ನೂನಿಜ್ ಎಂಬ ಪೋರ್ಚುಗೀಸ್ ಕುದುರೆ ವ್ಯಾಪಾರಿ ಬರೆದಿಟ್ಟ ಲೆಕ್ಕ ಹೇಳಿದೆ. ಅರಸರು ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದರಂತೆ. ಒಳ್ಳೆಯದನ್ನು ತಮ್ಮ ಲಾಯಕ್ಕೆ ಇಟ್ಟುಕೊಂಡು ಉಳಿದದ್ದನ್ನು ದಂಡನಾಯಕರಿಗೆ ಕೊಡುತ್ತಿದ್ದರಂತೆ. ಅದಕ್ಕೂ ಹಿಂದೆ ಸಾಳುವ ನರಸಿಂಹನ ಕಾಲದಲ್ಲಿ ಹಡಗಿನಲ್ಲಿ ಬರುವಾಗ ದಾರಿಯಲ್ಲಿ ಸತ್ತ ಕುದುರೆಗೂ ದುಡ್ಡು ಸಿಗುತ್ತಿತ್ತಂತೆ. ವ್ಯಾಪಾರಿ ಬಾಲ ಕತ್ತರಿಸಿ ತಂದು ತೋರಿಸಿದರೆ ಸಾಕು, ಜೀವಂತ ಕುದುರೆಯ ಬೆಲೆಯನ್ನೇ ಎಣಿಸಿ ಕೊಡುತ್ತಿದ್ದರಂತೆ. ಬಾಲದ ಮಾತು ಕೇಳಿ ತರಗತಿಯೆಲ್ಲ ನಕ್ಕಿತು. ಈ ಹುಡುಗಿ ನಗಲಿಲ್ಲ, ಎದ್ದು ನಿಂತಳು.

"ಮಿಸ್, ವರ್ಷಾ ವರ್ಷಾ ಯಾಕೆ ಕೊಂಡ್ಕೋಬೇಕು? ಹಿಂದಿನ ವರ್ಷ ತಂದಿದ್ದು ಏನಾಗ್ತಿತ್ತು? ಮರಿ ಹಾಕಿಸ್ಕೋಬಹುದಿತ್ತಲ್ವಾ?"

"ಒಳ್ಳೆ ಪ್ರಶ್ನೆ. ನಾಳೆ ಹೇಳ್ತೀನಿ, ಕೂತ್ಕೊ" ಎಂದೆ. ಉತ್ತರ ಗೊತ್ತಿಲ್ಲದಾಗ ನಾವು ಉಪಾಧ್ಯಾಯರೆಲ್ಲ ಹೇಳುವ ಮಾತು ಇದು. ಆದರೆ ಅವತ್ತು ನಾನು ಹಾಗೆಂದದ್ದು ಉತ್ತರ ಗೊತ್ತಿಲ್ಲದೆ ಅಲ್ಲ. ಆ ಉತ್ತರದ ಅರ್ಧ ಭಾಗ ನನಗೆ ಹತ್ತನೇ ವಯಸ್ಸಿನಲ್ಲೇ ಗೊತ್ತಾಗಿತ್ತು. ಅದನ್ನು ಬಾಯಿಬಿಟ್ಟು ಹೇಳಲು ನನಗೆ ಇಷ್ಟವಿರಲಿಲ್ಲ, ಅಷ್ಟೆ.

ಮೊದಲು ಪುಸ್ತಕದ ಉತ್ತರ ಹೇಳಿಬಿಡುತ್ತೇನೆ. ಮಾರನೆಯ ದಿನ ಕರಿಹಲಗೆಯ ಮೇಲೆ ಮಕ್ಕಳಿಂದಲೇ ಲೆಕ್ಕ ಹಾಕಿಸಿದೆ. ಹೆಣ್ಣುಕುದುರೆ ಗಬ್ಬವಾಗಿ ಮರಿ ಹಾಕಲು ಹನ್ನೊಂದು ತಿಂಗಳು. ಒಂದು ಸಲಕ್ಕೆ ಒಂದೇ ಮರಿ, ಅವಳಿ ಬಹಳ ಅಪರೂಪ. ಹುಟ್ಟಿದ ಮರಿ ಒಂದು ಗಂಟೆಯೊಳಗೆ ಎದ್ದು ನಿಲ್ಲುತ್ತದೆ ನಿಜ, ಆದರೆ ಕವಚ ತೊಟ್ಟ ಸವಾರನನ್ನು ಹೊರಲು ಅದಕ್ಕೆ ನಾಲ್ಕು ವರ್ಷವಾದರೂ ತುಂಬಬೇಕು. ವರ್ಷಕ್ಕೆ 13,000 ಕುದುರೆ ಮನೆಯಲ್ಲೇ ಬೆಳೆಯಬೇಕಾದರೆ, ಎಲ್ಲ ತಾಯಿಯೂ ಪ್ರತಿ ವರ್ಷ ಈದು ಒಂದು ಮರಿಯೂ ಸಾಯದಿದ್ದರೂ, 13,000 ತಾಯಿಕುದುರೆ ಬೇಕು, ಅದರ ಜೊತೆಗೆ ಬೆಳೆಯುತ್ತಿರುವ ಮರಿಗಳು 52,000. ಇಷ್ಟಕ್ಕೂ ವರ್ಷವಿಡೀ ಒಣಹುಲ್ಲು, ಹಸಿಹುಲ್ಲು, ಕಾಳು, ನೀರು ಒದಗಿಸಬೇಕು. "ಅಷ್ಟು ಹುಲ್ಲುಗಾವಲಿಗೆ ಜಾಗ ಬಿಟ್ಟರೆ ಊಟಕ್ಕೆ ಭತ್ತ ಎಲ್ಲಿ ಬೆಳೆಯೋದು ಮಿಸ್?" ಎಂದು ಒಬ್ಬ ಹುಡುಗ ಕೇಳಿದ. ಸರಿಯಾಗಿಯೇ ಕೇಳಿದ.

ಒಣ ಹವೆ, ಬಯಲು ಸೀಮೆ, ಗಟ್ಟಿ ನೆಲ ಕುದುರೆಗೆ ಒಗ್ಗುತ್ತದೆ. ಸೆಕೆ ಮತ್ತು ತೇವ ಎರಡೂ ಕೂಡಿರುವ ಕಡೆ ಅದರ ಗೊರಸು ಕೊಳೆಯುತ್ತದೆ, ನೊಣ ಮುತ್ತುತ್ತದೆ, ಮರಿ ಸೊರಗುತ್ತದೆ. ದಕ್ಷಿಣದಲ್ಲಿ ಕುದುರೆ ಬೆಳೆಯುವುದೇ ಇಲ್ಲವೆಂದು ಇದರ ಅರ್ಥವಲ್ಲ. ಭೀಮಾ ನದಿಯ ತೀರದ ಒಣ ಬಯಲಿನಲ್ಲಿ ಬೆಳೆದ ಭೀಮಥಡಿ ಕುದುರೆಗಳು ಗಾತ್ರದಲ್ಲಿ ಚಿಕ್ಕವಾದರೂ ಮರಾಠರ ದಂಡನ್ನು ಹೊತ್ತು ದೇಶ ಸುತ್ತಿದವು. ನಮ್ಮ ತುಮಕೂರು ಜಿಲ್ಲೆಯ ಕುಣಿಗಲ್ಲಿನಲ್ಲಿ ಟಿಪ್ಪುವಿನ ಕಾಲದಲ್ಲಿ ದಂಡಿನ ಕುದುರೆಗಳನ್ನು ಸಾಕುತ್ತಿದ್ದ ಜಾಗ ಮುಂದೆ ರೇಸಿನ ಕುದುರೆಗಳ ಫಾರಂ ಆಯಿತು. ಬೆಂಗಳೂರಿನಿಂದ ಹಾಸನದ ಬಸ್ಸು ಹತ್ತಿದವರು ಇಂದಿಗೂ ಕುಣಿಗಲ್ ಬಂದೊಡನೆ ಮಕ್ಕಳಿಗೆ ಆ ಕುದುರೆ ಫಾರಮ್ಮಿನ ಕಥೆ ಹೇಳುತ್ತಾರೆ. ಮರಿ ಹಾಕಿಸಿಕೊಳ್ಳಬಹುದಿತ್ತು, ಆದರೆ ಅದಕ್ಕೆ ತಕ್ಕ ನೆಲ ಬೇಕು, ತಾಳ್ಮೆ ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ತಿಳಿದವರು ಬೇಕು.

ಹುಡುಗಿಯ ಇನ್ನೊಂದು ಪ್ರಶ್ನೆ ಉಳಿದೇ ಇತ್ತು. ತಂದ ಕುದುರೆಗಳು ಏನಾಗುತ್ತಿದ್ದವು?

ಯುದ್ಧದಲ್ಲಿ ಸತ್ತವು ಕೆಲವು. ಆದರೆ ಯುದ್ಧವೇ ಇಲ್ಲದೆಯೂ ಸಾಯುತ್ತಿದ್ದವು ಎನ್ನುತ್ತಾನೆ ಮಾರ್ಕೋ ಪೋಲೋ. 1290ರ ದಶಕದಲ್ಲಿ ಅವನು ತಮಿಳುನಾಡಿನ ಕರಾವಳಿಗೆ ಬಂದಿದ್ದ. ಅಲ್ಲಿನ ಅರಸರು ವರ್ಷಕ್ಕೆ ಎರಡೆರಡು ಸಾವಿರ ಕುದುರೆ ಕೊಳ್ಳುತ್ತಾರೆ, ವರ್ಷ ಮುಗಿಯುವ ಹೊತ್ತಿಗೆ ನೂರೂ ಉಳಿದಿರುವುದಿಲ್ಲ, ಏಕೆಂದರೆ ಅವುಗಳನ್ನು ನೋಡಿಕೊಳ್ಳುವ ಬಗೆ ಇಲ್ಲಿಯವರಿಗೆ ತಿಳಿಯದು ಎಂದು ಬರೆದ. ಕುದುರೆಗೆ ಬೇಯಿಸಿದ ಮಾಂಸ ಕಲಸಿದ ಅನ್ನ ತಿನ್ನಿಸುತ್ತಾರೆ ಎಂದೂ ಬರೆದ. ಹೆಚ್ಚುಕಡಿಮೆ ಅದೇ ಕಾಲದ ಪಾರಸಿ ಇತಿಹಾಸಕಾರ ವಸ್ಸಾಫ್ ಕೂಡ ಇದನ್ನೇ ಇನ್ನೊಂದು ಬಗೆಯಲ್ಲಿ ಹೇಳಿದ್ದಾನೆ. ಹಸಿ ಜವೆಗೋಧಿಯ ಬದಲು ಹುರಿದ ಜವೆ, ಬೆಣ್ಣೆ ಬೆರೆಸಿದ ಧಾನ್ಯ, ಕುಡಿಯಲು ಕಾಯಿಸಿದ ಹಸುವಿನ ಹಾಲು! ನೋಡಿ, ಅದನ್ನು ಓದಿದರೆ ಕುದುರೆಯ ಲಾಯ ನೆನಪಾಗುವುದಿಲ್ಲ, ನಮ್ಮ ಮನೆಯ ಬಾಣಂತಿ ಕೋಣೆ ನೆನಪಾಗುತ್ತದೆ. ದುಬಾರಿ ಬೆಲೆ ಕೊಟ್ಟು ತಂದ ಪ್ರಾಣಿಗೆ ಮನೆಯಲ್ಲಿರುವ ಒಳ್ಳೆಯದನ್ನೆಲ್ಲ ತಿನ್ನಿಸುವುದು. ಅದರಲ್ಲಿ ಕ್ರೌರ್ಯವೇನಿಲ್ಲ, ಉಪಚಾರವೇ. ಉಪಚಾರದಿಂದಲೇ ಅವು ಸತ್ತವು.

ಪ್ರವಾಸಿಗಳ ಮಾತನ್ನು ಅರ್ಧಕ್ಕೆ ಇಳಿಸಿಯೇ ನಂಬಬೇಕು ಎಂದು ನಾನು ಮಕ್ಕಳಿಗೆ ಹೇಳುತ್ತೇನೆ. ನೂರೂ ಉಳಿಯುತ್ತಿರಲಿಲ್ಲ ಎಂಬುದು ಅತಿಶಯೋಕ್ತಿ ಇರಬಹುದು. ಆದರೆ ಮಾರ್ಕೋ ಪೋಲೋ ಅದರ ಜೊತೆಗೆ ಇನ್ನೊಂದು ಮಾತು ಸೇರಿಸಿದ್ದಾನೆ. ಅದನ್ನು ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಕುದುರೆ ಮಾರುವ ವ್ಯಾಪಾರಿಗಳು ಲಾಳ ಹೊಡೆಯುವ, ಕಾಯಿಲೆ ನೋಡುವ ಆಳುಗಳನ್ನು ತಾವೂ ಕರೆತರುತ್ತಿರಲಿಲ್ಲ, ಬೇರೆಯವರು ಬರುವುದಕ್ಕೂ ಬಿಡುತ್ತಿರಲಿಲ್ಲವಂತೆ. ಇಲ್ಲಿಯವರು ಕುದುರೆ ಸಾಕುವುದನ್ನು ಕಲಿತುಬಿಟ್ಟರೆ ಮುಂದಿನ ವರ್ಷ ಕೊಳ್ಳುವವರು ಯಾರು? ತಿಳಿದವನು ತಿಳಿವಳಿಕೆಯನ್ನು ಬಚ್ಚಿಟ್ಟುಕೊಂಡ. ಹಂಪೆಯ ಹಜಾರರಾಮ ದೇವಸ್ಥಾನದ ಗೋಡೆಯ ಮೇಲೆ ಸಾಲಾಗಿ ನಡೆಯುವ ಕುದುರೆಗಳನ್ನೂ ಅವುಗಳ ಪಕ್ಕದ ಆಳುಗಳನ್ನೂ ನೋಡಿದಾಗ ನನಗೆ ಈ ಮಾತೇ ನೆನಪಾಗುತ್ತದೆ.

ಹಾಗಾದರೆ ನಮ್ಮವರಿಗೆ ಏನೂ ತಿಳಿದಿರಲಿಲ್ಲವೆ? ತಿಳಿದಿತ್ತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಬರೆಸಿದ ಸಂಸ್ಕೃತದ 'ಮಾನಸೋಲ್ಲಾಸ'ದಲ್ಲಿ ಕುದುರೆಯ ವಿಷಯ ಬೇಕಾದಷ್ಟಿದೆ. ಸುಮಾರು 1125ರಲ್ಲಿ ಕೀರ್ತಿವರ್ಮ ಕನ್ನಡದಲ್ಲಿ 'ಗೋವೈದ್ಯ' ಬರೆದ. 1400ರ ಸುಮಾರಿಗೆ ಅಭಿನವಚಂದ್ರ ಕನ್ನಡದಲ್ಲೇ ಅಶ್ವವೈದ್ಯ ಬರೆದ. 1627ರಲ್ಲಿ ಪದ್ಮಣ ಪಂಡಿತ 'ಹಯಸಾರಸಮುಚ್ಚಯ' ಬರೆದ. ಇವರೆಲ್ಲರಿಗೂ ಹಿಂದೆ ಶಾಲಿಹೋತ್ರನೆಂಬ ಋಷಿಯ ಹೆಸರಿನ ಪರಂಪರೆಯೇ ಇತ್ತು. ಬಹಮನಿ ಸುಲ್ತಾನರು ಕಲಬುರಗಿಯಲ್ಲಿ ಆಳುತ್ತಿದ್ದಾಗ ಶಾಲಿಹೋತ್ರದ ಗ್ರಂಥವೊಂದು ಪಾರಸಿ ಭಾಷೆಗೂ ಅನುವಾದವಾಯಿತು. ಕುದುರೆಯ ಮೈಮೇಲಿನ ಕೂದಲ ಸುಳಿ ಎಲ್ಲಿದ್ದರೆ ಶುಭ, ಎಲ್ಲಿದ್ದರೆ ಯಜಮಾನನಿಗೆ ಕೇಡು ಎಂಬುದನ್ನು ಈ ಶಾಸ್ತ್ರಗಳು ವಿಸ್ತಾರವಾಗಿ ಹೇಳುತ್ತವೆ. ಅದರ ಜೊತೆಗೆ ಬಣ್ಣ, ಹಲ್ಲು, ವಯಸ್ಸು, ಆಹಾರ, ಔಷಧ ಎಲ್ಲವೂ ಇವೆ. ಆದರೆ ಓಲೆಗರಿ ಇದ್ದದ್ದು ಅರಮನೆಯಲ್ಲಿ, ಹುಲ್ಲು ಹಾಕುವವನು ಇದ್ದದ್ದು ಲಾಯದಲ್ಲಿ. ಓದುವವನು ಮೈ ತಿಕ್ಕಲಿಲ್ಲ, ಮೈ ತಿಕ್ಕುವವನಿಗೆ ಓದು ಬರುತ್ತಿರಲಿಲ್ಲ.

ಹೀಗೆ ಹೇಳುವಾಗ ನನಗೆ ನಮ್ಮ ಜಟಕಾ ತಾತ ನೆನಪಾಗುತ್ತಾರೆ. ಓದು ಬರದ ಅವರ ಬಾಯಲ್ಲಿ ಕುದುರೆ ವೈದ್ಯನಿಗೆ 'ಸಾಲೋತ್ರಿ' ಎಂಬ ಮಾತಿತ್ತು. ಅದು ಶಾಲಿಹೋತ್ರ ಋಷಿಯ ಹೆಸರೇ ಎಂದು ನನಗೆ ಗೊತ್ತಾದದ್ದು ಬಿ.ಎ. ಓದುವಾಗ. ಪುಸ್ತಕ ಬೀದಿಗೆ ಬರದಿದ್ದರೂ ಹೆಸರೊಂದು ಹೇಗೋ ದಾರಿ ಮಾಡಿಕೊಂಡು, ಪಾರಸಿ ಉರ್ದುಗಳನ್ನು ಹಾಯ್ದು, ನಮ್ಮ ಬೀದಿಯ ತಗಡಿನ ಲಾಯದವರೆಗೂ ನಡೆದು ಬಂದಿತ್ತು.

ಈಗ ನನ್ನ ಉತ್ತರ.

ನಮ್ಮ ಮನೆಯಿದ್ದದ್ದು ತುಮಕೂರಿನಲ್ಲಿ, ರೈಲ್ವೆ ಸ್ಟೇಷನ್ನಿಗೆ ಅಷ್ಟೇನೂ ದೂರವಲ್ಲದ ಒಂದು ಬೀದಿಯಲ್ಲಿ. ಆಗ ಸ್ಟೇಷನ್ ಮುಂದೆ ಸಾಲು ಜಟಕಾಗಳು ನಿಲ್ಲುತ್ತಿದ್ದವು. ಊರಿನಿಂದ ಅಜ್ಜಿ ಬಂದರೂ ಜಟಕಾ, ಹೆರಿಗೆ ನೋವು ಬಂದರೂ ಜಟಕಾ. ನಮ್ಮ ಹಿತ್ತಲ ಗೋಡೆಯ ಆಚೆ ಜಟಕಾ ತಾತನ ಮನೆ. ಬಿಳಿ ಗಡ್ಡ, ಚೌಕಳಿ ಲುಂಗಿ, ಹೆಗಲ ಮೇಲೆ ಸದಾ ಒಂದು ಒದ್ದೆ ವಸ್ತ್ರ. ಅಮ್ಮನನ್ನು 'ಅಮ್ಮಾವ್ರೇ' ಎನ್ನುತ್ತಿದ್ದರು, ನನ್ನನ್ನು 'ಬೇಟಿ' ಎನ್ನುತ್ತಿದ್ದರು. ಅವರ ಮೊಮ್ಮಗಳು ನನ್ನ ತರಗತಿಯವಳು, ಲೆಕ್ಕದಲ್ಲಿ ನನಗಿಂತ ಜಾಣೆ. ಅವರ ಕುದುರೆ ಕಂದುಬಣ್ಣದ ಹೆಣ್ಣು, ಹಣೆಯಲ್ಲಿ ಬಿಳಿ ಬೊಟ್ಟು, ಹೆಸರು ರಾಣಿ.

1977ರಲ್ಲಿ ನಮ್ಮಕ್ಕನ ಮದುವೆಯಾಯಿತು. ಮದುವೆ ಮುಗಿದ ಮಾರನೆಯ ದಿನ ಕೊಳದಪ್ಪಲೆಯ ತಳದಲ್ಲಿ ಹಯಗ್ರೀವ ಉಳಿದಿತ್ತು. ಕಡಲೆಬೇಳೆ, ಬೆಲ್ಲ, ತುಪ್ಪ, ಕೊಬ್ಬರಿ, ಮೇಲೆ ಘಮ್ಮೆನ್ನುವ ಏಲಕ್ಕಿ. ಅಜ್ಜಿ ಅದನ್ನು ಬಡಿಸುವಾಗಲೆಲ್ಲ ವಾದಿರಾಜರ ಕಥೆ ಹೇಳುತ್ತಿದ್ದಳು. ವಾದಿರಾಜರು ಕಡಲೆ ಬೆಲ್ಲದ ಮಡ್ಡಿಯನ್ನು ಹರಿವಾಣದಲ್ಲಿಟ್ಟು ತಲೆಯ ಮೇಲೆ ಹಿಡಿದರೆ ದೇವರು ಬಿಳಿ ಕುದುರೆಯಾಗಿ ಬಂದು ಅವರ ಹೆಗಲ ಮೇಲೆ ಮುಂಗಾಲಿಟ್ಟು ತಿಂದು ಹೋಗುತ್ತಿದ್ದನಂತೆ. ಕುದುರೆಯ ಮುಖದ ದೇವರಿಗೆ ಅದು ಪ್ರಿಯ, ಅದಕ್ಕೇ ತಿಂಡಿಗೂ ದೇವರ ಹೆಸರು. ಹತ್ತು ವರ್ಷದ ನನಗೂ ಎಂಟು ವರ್ಷದ ತಮ್ಮನಿಗೂ ಇದರಲ್ಲಿ ಸಂಶಯ ಬರಲು ಕಾರಣವೇ ಇರಲಿಲ್ಲ. ಮದುವೆಯಲ್ಲಿ ಎಲ್ಲರೂ ಉಂಡರು, ರಾಣಿ ಮಾತ್ರ ಉಣ್ಣಲಿಲ್ಲ. ಎರಡು ದಿನ ನೆಂಟರನ್ನೆಲ್ಲ ಸ್ಟೇಷನ್ನಿನಿಂದ ಎಳೆದು ತಂದವಳು ಅವಳೇ.

ಮಧ್ಯಾಹ್ನ ದೊಡ್ಡವರೆಲ್ಲ ಮಲಗಿದ್ದಾಗ ಇಬ್ಬರೂ ಸೇರಿ ಬಕೆಟ್ಟಿಗೆ ತುಂಬಿಕೊಂಡು ಹೋದೆವು. ತಾತ ಮಸೀದಿಗೆ ಹೋಗಿದ್ದರು. ರಾಣಿ ಮೊದಲು ಮೂಸಿದಳು, ಆಮೇಲೆ ಬಕೆಟ್ಟಿನೊಳಗೆ ಮುಖ ಇಟ್ಟವಳು ತೆಗೆಯಲೇ ಇಲ್ಲ. ಇನ್ನೊಂದು ಬಕೆಟ್ಟು ತಂದೆವು, ಅದರಲ್ಲಿ ಉಳಿದ ಅನ್ನವನ್ನೂ ಸೇರಿಸಿದ್ದೆವು. ಅದೂ ಖಾಲಿಯಾಯಿತು. ನನಗಂತೂ ವಾದಿರಾಜರಷ್ಟೇ ಸಂತೋಷವಾಗಿತ್ತು.

ರಾತ್ರಿ ಹಿತ್ತಲ ಆಚೆಯಿಂದ ಧಡ್ ಧಡ್ ಶಬ್ದ ಕೇಳಿ ಎಚ್ಚರವಾಯಿತು. ಗೋಡೆಯ ಮೇಲೆ ಹತ್ತಿ ನೋಡಿದೆ. ಲಾಟೀನಿನ ಬೆಳಕಿನಲ್ಲಿ ರಾಣಿಯ ಮೈಯೆಲ್ಲ ಬೆವರು. ಮುಂಗಾಲಿನಿಂದ ನೆಲ ಕೆರೆಯುತ್ತಾಳೆ, ತಿರುತಿರುಗಿ ತನ್ನ ಹೊಟ್ಟೆಯನ್ನೇ ನೋಡಿಕೊಳ್ಳುತ್ತಾಳೆ, ಬೀಳುತ್ತಾಳೆ, ಹೊರಳುತ್ತಾಳೆ. ತಾತ ಅವಳನ್ನು ಎಬ್ಬಿಸಿ ಬೀದಿಗೆ ತಂದರು. ರಾತ್ರಿಯಿಡೀ ಬೀದಿಯ ಈ ತುದಿಯಿಂದ ಆ ತುದಿಗೆ ನಡೆಸಿದರು. ನಡುನಡುವೆ ನಿಂತು ಅವಳ ಪಕ್ಕೆಗೆ ಕಿವಿ ಹಚ್ಚುತ್ತಿದ್ದರು. ಹೊಟ್ಟೆಯೊಳಗೆ ಗುಡುಗುಡು ಕೇಳಿದರೆ ಭರವಸೆ, ನಿಶ್ಶಬ್ದವಾದರೆ ಭಯ ಎಂದು ಆಮೇಲೆ ನನಗೆ ಅವರೇ ಹೇಳಿಕೊಟ್ಟರು. ಬೆಳಿಗ್ಗೆ ದನದ ಡಾಕ್ಟರು ಸ್ಕೂಟರಿನಲ್ಲಿ ಬಂದು, ಮೂಗಿನಿಂದ ಹೊಟ್ಟೆಗೆ ರಬ್ಬರ್ ಕೊಳವೆ ಇಳಿಸಿ ಎಣ್ಣೆಯಂಥ ಔಷಧ ಹಾಕಿದರು, ಸೂಜಿ ಕೊಟ್ಟರು. ಮಧ್ಯಾಹ್ನ ರಾಣಿ ಲದ್ದಿ ಹಾಕಿದಳು. ಲದ್ದಿ ಕಂಡು ಒಬ್ಬ ಮನುಷ್ಯ ಅಳುವುದನ್ನು ನಾನು ಅವತ್ತೇ ನೋಡಿದ್ದು.

ಏನು ತಿಂದಿತ್ತು ಎಂದು ಡಾಕ್ಟರು ಕೇಳಿದರು. ಗೋಡೆಯ ಹತ್ತಿರ ನಾನೂ ತಮ್ಮನೂ ನಿಂತಿದ್ದೆವು. ತಾತ ನಮ್ಮ ಕಡೆ ನೋಡಲಿಲ್ಲ. "ಗೊತ್ತಿಲ್ಲ ಸಾರ್" ಎಂದರು.

ಏನಾಗಿತ್ತು ಎಂಬುದನ್ನು ಈಗ ಹೇಳಬಲ್ಲೆ. ಹಸುವಿನ ಹಾಗೆ ಕುದುರೆಗೆ ನಾಲ್ಕು ಭಾಗದ ಹೊಟ್ಟೆಯಿಲ್ಲ, ಮೆಲುಕು ಹಾಕುವುದಿಲ್ಲ. ಅಷ್ಟು ದೊಡ್ಡ ಮೈಗೆ ಜಠರ ಬಹಳ ಚಿಕ್ಕದು. ದಿನವಿಡೀ ಸ್ವಲ್ಪ ಸ್ವಲ್ಪವಾಗಿ ಹುಲ್ಲು ತಿನ್ನಲೆಂದೇ ಅದರ ಒಡಲು ಆಗಿದೆ. ಎಲ್ಲಕ್ಕಿಂತ ಮುಖ್ಯವಾದದ್ದು, ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ನಾವು ಮದುವೆಯೂಟ ಹೆಚ್ಚಾದರೆ ಹಿತ್ತಲಿಗೆ ಓಡುತ್ತೇವೆ, ಕುದುರೆಗೆ ಆ ದಾರಿಯಿಲ್ಲ. ಒಮ್ಮೆಲೇ ಬಿದ್ದ ಬೇಳೆ, ಬೆಲ್ಲ, ಅನ್ನ ದೊಡ್ಡ ಕರುಳಿನಲ್ಲಿ ಹುಳಿತು ಗ್ಯಾಸು ತುಂಬುತ್ತದೆ, ಹುಲ್ಲು ಅರಗಿಸುವ ಒಳ್ಳೆಯ ಸೂಕ್ಷ್ಮಾಣುಗಳು ಸಾಯುತ್ತವೆ, ವಿಷ ರಕ್ತಕ್ಕೆ ಸೇರುತ್ತದೆ. ಆ ವಿಷದ ಪರಿಣಾಮ ಎಲ್ಲೋ ದೂರದ ಗೊರಸಿನೊಳಗೆ ಕಾಣಿಸುತ್ತದೆ. ಗೊರಸಿನ ಗಟ್ಟಿ ಚಿಪ್ಪಿಗೂ ಒಳಗಿನ ಮೂಳೆಗೂ ನಡುವಿನ ಮೆತ್ತನೆಯ ಪದರ ಊದಿಕೊಳ್ಳುತ್ತದೆ. ಊದಲು ಜಾಗವಿಲ್ಲದ ಕಡೆ ಊದಿದರೆ ಹೇಗಿರಬೇಡ! ಬೇಯಿಸಿದ್ದೇ ತಪ್ಪಲ್ಲ. ತಾತನೂ ಹುರುಳಿಯನ್ನು ನೆನೆಸಿ ಬೇಯಿಸಿ ಆರಿಸಿ ಕೊಡುತ್ತಿದ್ದರು. ಇಂಗ್ಲಿಷಿನವರು ಹುರುಳಿಗೆ ಕುದುರೆಯ ಹೆಸರನ್ನೇ ಇಟ್ಟಿದ್ದಾರಲ್ಲ. ಆದರೆ ಅದು ಅಳತೆಯ ಪಾವಿನಲ್ಲಿ, ಹುಲ್ಲು ತಿಂದ ಮೇಲೆ, ದಿನವೂ ಅದೇ ಹೊತ್ತಿಗೆ. ಒಮ್ಮೆಲೇ ಬದಲಾಯಿಸಿದ್ದು, ಒಮ್ಮೆಲೇ ತುಂಬಿದ್ದು, ಅದೇ ವಿಷವಾದದ್ದು.

ಮೂರನೆಯ ದಿನ ರಾಣಿಯ ಮುಂಗಾಲಿನ ಗೊರಸುಗಳು ಬಿಸಿಯಾದವು. ಮುಂಗಾಲನ್ನು ಮುಂದಕ್ಕೆ ಚಾಚಿ, ಭಾರವನ್ನೆಲ್ಲ ಹಿಂಗಾಲಿಗೆ ಹಾಕಿ ನಿಲ್ಲುತ್ತಿದ್ದಳು. ತಾತ ಬಾವಿಕಟ್ಟೆಯ ಪಕ್ಕದ ಒದ್ದೆ ಮಣ್ಣಿನಲ್ಲಿ ಅವಳನ್ನು ನಿಲ್ಲಿಸಿ ಕಾಲಿಗೆ ತಣ್ಣೀರು ಹೊಯ್ದರು. ಇಂದಿಗೂ ಪಶುವೈದ್ಯರು ಈ ಕಾಯಿಲೆಯ ಶುರುವಿನಲ್ಲಿ ಗೊರಸನ್ನು ತಂಪಾಗಿಡಿ ಎಂದೇ ಹೇಳುತ್ತಾರೆ. ಜೀವ ಉಳಿಯಿತು. ಜಟಕಾ ಮಾತ್ರ ಮೂರು ತಿಂಗಳು ಮೂಕವಾಗಿ ಗೋಡೆಗೆ ಒರಗಿತ್ತು. ಅಷ್ಟು ವಯಸ್ಸಿನಲ್ಲಿ ತಾತ ಮಂಡಿಯಲ್ಲಿ ಮೂಟೆ ಹೊರಲು ಹೋದರು. ಅವರ ಮನೆಯ ಹೆಂಗಸರು ಬೀಡಿ ಕಟ್ಟುತ್ತಿದ್ದರು, ಈಗ ಇನ್ನೂ ಎರಡು ಕೈ ಬೇಕಾಯಿತು. ಲೆಕ್ಕದಲ್ಲಿ ನನಗಿಂತ ಜಾಣೆಯಾಗಿದ್ದ ಮೊಮ್ಮಗಳು ದಸರಾ ರಜೆ ಮುಗಿದ ಮೇಲೆ ಶಾಲೆಗೆ ಬರಲಿಲ್ಲ. "ಅವಳನ್ನ ಹೇಗೂ ಬಿಡಿಸ್ತಿದ್ರೇನೋ" ಎಂದು ಅಮ್ಮ ಹೇಳಿದಳು. ಇರಬಹುದು. ಆದರೆ ನನ್ನ ಪಕ್ಕದ ಜಾಗ ಖಾಲಿಯಾಗಿದ್ದು ಆ ವರ್ಷವೇ. ಇವತ್ತಿಗೂ ನನ್ನ ತರಗತಿಯ ಹುಡುಗಿಯೊಬ್ಬಳು ಹತ್ತು ದಿನ ಬರದಿದ್ದರೆ ನಾನು ಕೊಡೆ ಹಿಡಿದುಕೊಂಡು ಅವಳ ಮನೆ ಹುಡುಕಿಕೊಂಡು ಹೋಗುತ್ತೇನೆ. ಸಹೋದ್ಯೋಗಿಗಳು ಅದನ್ನು ನನ್ನ ಕರ್ತವ್ಯನಿಷ್ಠೆ ಎಂದುಕೊಂಡಿದ್ದಾರೆ.

ರಾಣಿ ಮತ್ತೆ ಗಾಡಿಗೆ ಕಟ್ಟುವಂತಾದ ಮೇಲೆ ತಾತ ಒಂದು ಸಂಜೆ ನಮ್ಮಿಬ್ಬರನ್ನೂ ಕರೆದರು. ಬೈಯುತ್ತಾರೆಂದು ನಡುಗುತ್ತಾ ಹೋದೆವು. ಅವರು ಬೈಯಲಿಲ್ಲ, ಪಾಠ ಶುರುಮಾಡಿದರು. ಅಂದಿನಿಂದ ದಿನಾ ಸಂಜೆ ಒಂದೊಂದು. ಓಡಿ ಬಂದ ಕುದುರೆಗೆ ಮೊದಲು ಉಸಿರು ಇಳಿಯಲಿ, ಮೈ ಆರಲಿ, ಆಮೇಲೆ ಕಾಳು. ಹುಲ್ಲು ಸದಾ ಮುಂದಿರಲಿ, ಬೂಷ್ಟು ಹಿಡಿದ ಹುಲ್ಲು ಬೇಡ. ದಿನವೂ ಗೊರಸು ಎತ್ತಿ ಕಲ್ಲು, ಕೆಸರು ತೆಗೆಯಬೇಕು. ಒಂದೂವರೆ ತಿಂಗಳಿಗೊಮ್ಮೆ ಲಾಳ ಬಿಚ್ಚಿಸಿ ಗೊರಸು ಕೆತ್ತಿಸಿ ಮತ್ತೆ ಹೊಡೆಸಬೇಕು. ಮೊಳೆ ಚುಚ್ಚಿದ ಗಾಯ ಚಿಕ್ಕದೆಂದು ಬಿಡಬಾರದು, ಧನುರ್ವಾಯು ಕುದುರೆಗೆ ಬೇಗ ಬರುತ್ತದೆ. ಮುಂದಿನ ಹಾಲುಹಲ್ಲು ಎರಡೂವರೆ ವರ್ಷಕ್ಕೆ ಒಂದು ಜೋಡಿ, ಮೂರೂವರೆಗೆ ಇನ್ನೊಂದು, ನಾಲ್ಕೂವರೆಗೆ ಮತ್ತೊಂದು ಬೀಳುತ್ತವೆ, ಐದಕ್ಕೆ ಬಾಯಿ ತುಂಬುತ್ತದೆ. ಹುಟ್ಟಿದ ಮರಿ ಎರಡು ಗಂಟೆಯೊಳಗೆ ತಾಯಿಯ ಗಿಣ್ಣುಹಾಲು ಕುಡಿಯದಿದ್ದರೆ ಸುಮ್ಮನೆ ಕೂರಬಾರದು. "ಸುಳಿ ನೋಡಲ್ವಾ ತಾತ?" ಎಂದು ತಮ್ಮ ಕೇಳಿದ. "ಸುಳಿ ನೋಡಿ ಕುದ್ರೆ ತಗೊಳ್ಳೋದು ಮಗಾ, ಲದ್ದಿ ನೋಡಿ ಕುದ್ರೆ ಸಾಕೋದು" ಎಂದರು. ಮಳೆಗಾಲದ ಸಂಜೆ ಲಾಯದಲ್ಲಿ ಬೇವಿನ ಸೊಪ್ಪಿನ ಹೊಗೆ ಹಾಕುತ್ತಿದ್ದರು, ಕಚ್ಚುವ ನೊಣ ಬಂದರೆ ಕುದುರೆಗೆ ಜ್ವರ ಬರುತ್ತದೆ ಎಂದು. 1880ರಲ್ಲಿ ಗ್ರಿಫಿತ್ ಇವಾನ್ಸ್ ಎಂಬ ಬ್ರಿಟಿಷ್ ಸೇನೆಯ ಪಶುವೈದ್ಯ ಈಗಿನ ಪಾಕಿಸ್ತಾನದಲ್ಲಿರುವ ಡೇರಾ ಇಸ್ಮಾಯಿಲ್ ಖಾನ್‌ನಲ್ಲಿ, 'ಸರ್ರಾ' ಎಂಬ ಕಾಯಿಲೆಯಿಂದ ಸಾಯುತ್ತಿದ್ದ ಕುದುರೆಗಳ ರಕ್ತದಲ್ಲಿ ಸೂಕ್ಷ್ಮಜೀವಿಯನ್ನು ಕಂಡುಹಿಡಿದದ್ದನ್ನೂ ಅದನ್ನು ಹರಡುವುದು ಕಚ್ಚುವ ನೊಣವೆಂಬುದನ್ನೂ ನಾನು ಎಷ್ಟೋ ವರ್ಷದ ಮೇಲೆ ಓದಿದೆ. ತಾತನಿಗೆ ಆ ಸಾಹೇಬನ ಹೆಸರು ಗೊತ್ತಿರಲಿಲ್ಲ.

ಇನ್ನೊಬ್ಬ ಹೆಂಗಸಿನ ಕಥೆಯನ್ನೂ ಇಲ್ಲಿ ಹೇಳಬೇಕು. 1918ರ ಸೆಪ್ಟೆಂಬರ್ 23ರಂದು ನಮ್ಮ ಮೈಸೂರು ಲ್ಯಾನ್ಸರ್ಸ್ ಜೋಧಪುರದವರೊಡನೆ ಕುದುರೆ ಏರಿ ಹೈಫಾ ಪಟ್ಟಣವನ್ನು ಗೆದ್ದದ್ದನ್ನು ನಾವು ಹೆಮ್ಮೆಯಿಂದ ಪಾಠ ಮಾಡುತ್ತೇವೆ. ಆ ಮಹಾಯುದ್ಧ ಮುಗಿದ ಮೇಲೆ ಬ್ರಿಟಿಷ್ ಸೇನೆ ತನ್ನ ಸಾವಿರಾರು ಕುದುರೆಗಳನ್ನು ಈಜಿಪ್ಟಿನಲ್ಲೇ ಮಾರಿ ಹೋಯಿತು. 1930ರಲ್ಲಿ ಕೈರೋಕ್ಕೆ ಬಂದ ಸೇನಾಧಿಕಾರಿಯೊಬ್ಬರ ಹೆಂಡತಿ ಡೊರೊಥಿ ಬ್ರೂಕ್, ಆ ಕುದುರೆಗಳು ಮುಪ್ಪಿನಲ್ಲಿ ಎಲುಬಾಗಿ ಗಾಡಿ ಎಳೆಯುತ್ತಿದ್ದುದನ್ನು ನೋಡಿದರು. 1931ರಲ್ಲಿ ಲಂಡನ್ನಿನ ಪತ್ರಿಕೆಗೆ ಕಾಗದ ಬರೆದು ಹಣ ಕೂಡಿಸಿ, ಸುಮಾರು ಐದು ಸಾವಿರ ಕುದುರೆಗಳನ್ನು ಕೊಂಡುಕೊಂಡರು. ಆದರೆ ಅಷ್ಟಕ್ಕೇ ನಿಲ್ಲಲಿಲ್ಲ. ಕುದುರೆಯ ಒಡೆಯರು ಕೆಟ್ಟವರಲ್ಲ, ಬಡವರು ಎಂಬುದನ್ನು ಆಕೆ ಕಂಡುಕೊಂಡರು. 1934ರಲ್ಲಿ ಬಡವರ ಕುದುರೆ ಕತ್ತೆಗಳಿಗಾಗಿ ಅಲ್ಲೇ ಧರ್ಮಾಸ್ಪತ್ರೆ ತೆರೆದರು. ಅವರ ಹೆಸರಿನ ಸಂಸ್ಥೆ ಇಂದು ನಮ್ಮ ದೇಶದ ಇಟ್ಟಿಗೆ ಗೂಡುಗಳಲ್ಲಿ ದುಡಿಯುವ ಕುದುರೆ, ಹೇಸರಗತ್ತೆಗಳನ್ನು ನೋಡಿಕೊಳ್ಳುತ್ತದೆ, ಅವುಗಳ ಒಡೆಯರಿಗೆ ಕಲಿಸುತ್ತದೆ. ಮಾರುವವರು ಏಳು ಶತಮಾನದ ಹಿಂದೆ ಬಚ್ಚಿಟ್ಟದ್ದನ್ನು ಈ ಹೆಂಗಸು ಬೀದಿಗೆ ತಂದಿಟ್ಟರು.

ನಾನು ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿದಾಗ ತಾತನಿಗೆ ಸಿಹಿ ಕೊಡಲು ಹೋದೆ. ರಾಣಿ ಸತ್ತು ವರ್ಷಗಳಾಗಿದ್ದವು. ಆಟೋಗಳು ಬಂದು ಸ್ಟೇಷನ್ ಮುಂದೆ ಎರಡೋ ಮೂರೋ ಜಟಕಾ ಉಳಿದಿದ್ದವು. ತಾತ ಮಂಚದ ಮೇಲೆ ಕೂತಿದ್ದರು, ಕಣ್ಣು ಮಂಜಾಗಿತ್ತು. 1977ರಿಂದ ಗಂಟಲಲ್ಲಿ ಸಿಕ್ಕಿಕೊಂಡದ್ದನ್ನು ಅವತ್ತು ಹೇಳಿಬಿಟ್ಟೆ. "ತಾತ, ಅವತ್ತು ರಾಣಿಗೆ ತಿನ್ನಿಸಿದ್ದು ನಾನೇ."

ತಾತ ನಕ್ಕರು. "ಗೊತ್ತಿತ್ತಲ್ಲಾ ಬೇಟಿ. ಅವಳ ಬಾಯಿಂದ ಏಲಕ್ಕಿ ವಾಸ್ನೆ ಬರ್ತಿತ್ತು. ನಮ್ಮನೇಲಿ ಏಲಕ್ಕಿ ಎಲ್ಲಿಂದ ಬರ್ಬೇಕು?"

ನನಗೆ ಮಾತು ಹೊರಡಲಿಲ್ಲ. ಅವರೇ ಮುಂದುವರಿಸಿದರು. "ಪಕ್ಕದ ಮನೇಲಿ ಮಕ್ಕಳಿದ್ರು, ದಿನಾ ಬಂದು ರಾಣೀನ ಮುಟ್ತಿದ್ರು. ಏನು ಕೊಡಬಾರ್ದು ಅಂತ ನಾನು ಹೇಳ್ಕೊಟ್ಟಿರ್ಲಿಲ್ಲ. ತಪ್ಪು ನಂದೂ ಐತೆ."

ಇದನ್ನೆಲ್ಲ ತರಗತಿಯಲ್ಲಿ ಹೇಳಲು ನನಗೆ ಒಂದು ವಾರ ಹಿಡಿಯಿತು. ಹೇಳಿದೆ. ಬಾಲದ ಕಥೆಗೆ ನಕ್ಕಿದ್ದ ಮಕ್ಕಳು ಈ ಸಲ ನಗಲಿಲ್ಲ. ಪ್ರಶ್ನೆ ಕೇಳಿದ್ದ ಹುಡುಗಿ "ಹಾಗಾದ್ರೆ ಪರೀಕ್ಷೆಯಲ್ಲಿ ಏನಂತ ಬರೀಬೇಕು ಮಿಸ್?" ಎಂದಳು. ಪಠ್ಯದಲ್ಲಿ ಇರುವುದನ್ನೇ ಬರಿ ಎಂದೆ. ಎಷ್ಟಾದರೂ ನಾನು ಉಪಾಧ್ಯಾಯಿನಿ.

ಈಚೆಗೆ ಸಂಬಂಧಿಕರ ಮದುವೆಗೆ ಹೋಗಿದ್ದೆ. ಮದುಮಗನ ಮೆರವಣಿಗೆಗೆ ಬಿಳಿ ಕುದುರೆ ತರಿಸಿದ್ದರು. ಛತ್ರದ ಮುಂದೆ ಬ್ಯಾಂಡು ಬಡಿಯುತ್ತಿತ್ತು. ಪಕ್ಕದಲ್ಲೇ ನಮ್ಮ ನೆಂಟರ ಹೆಂಗಸೊಬ್ಬರು ಮೊಮ್ಮಗನ ಕೈಗೆ ಲಾಡು ಕೊಟ್ಟು, "ಕುದುರೆಗೆ ತಿನ್ನಿಸು ಪುಟ್ಟಾ, ಪುಣ್ಯ ಬರುತ್ತೆ" ಎನ್ನುತ್ತಿದ್ದರು. ಅವರ ಹಿಂದೆ ಇನ್ನೂ ನಾಲ್ಕೈದು ಮಕ್ಕಳು, ಎಲ್ಲರ ಕೈಯಲ್ಲೂ ಲಾಡು. ನಾನು ಹೋಗಿ ತಡೆದೆ. ಆಕೆಗೆ ಕೋಪ ಬಂತು. "ಇವರಿಗೆ ಮದುವೆ ಮನೇಲೂ ಪಾಠ" ಎಂದು ಗೊಣಗಿದರು. ನಾನು ಮಗುವನ್ನು ಬಾಗಿಲಲ್ಲಿ ಕಟ್ಟಿದ್ದ ಕಬ್ಬಿನ ಪಕ್ಕಕ್ಕೆ ಕರೆದುಕೊಂಡು ಹೋಗಿ, ಅಂಗೈ ಚಪ್ಪಟೆಯಾಗಿ ಹಿಡಿದು, ಬೆರಳು ಬಿಡಿಸದೆ, ಒಂದು ಹಿಡಿ ಹಸಿರು ಗರಿ ಹೇಗೆ ಕೊಡಬೇಕೆಂದು ತೋರಿಸಿದೆ. ಕುದುರೆಯ ಹಗ್ಗ ಹಿಡಿದಿದ್ದ ಹುಡುಗನಿಗೆ ಹದಿನೇಳು ಹದಿನೆಂಟು ವರ್ಷ. "ನೀರು ಕುಡಿಸಿದೀಯೇನಪ್ಪಾ?" ಎಂದು ಕೇಳಿದೆ. ಅವನು ನನ್ನನ್ನು ಒಂದು ಗಳಿಗೆ ನೋಡಿದ. "ಮಧ್ಯಾಹ್ನದಿಂದ ಇಲ್ಲ ಅಮ್ಮಾ, ಬಿಟ್ಟು ಹೋಗಂಗಿಲ್ಲ" ಎಂದ.

ರೇಷ್ಮೆ ಸೀರೆಯ ಸೆರಗು ಸಿಕ್ಕಿಸಿಕೊಂಡು ಅಡಿಗೆಯವರ ಹತ್ತಿರ ಹೋದೆ. ಬಕೆಟ್ಟು ಕೇಳಿದೆ. "ಎಂಥದು ಬೇಕಿತ್ತಮ್ಮ? ಹಯಗ್ರೀವ ಉಳಿದಿದೆ, ಹಾಕಿಕೊಡಲೇ?" ಎಂದರು.

ಬೇಡ, ನೀರು ಸಾಕು ಎಂದೆ.